ಏಳಕ್ಕೇ ಮಾಡಿದ ಆರತಿ

ಹರಿಹರ, ಏಪ್ರಿಲ್ ೩, ಬೆಳಗ್ಗೆ

ಹಾಲಿನವನು ಇವತ್ತೂ ನೀರೇ ಕೊಟ್ಟ. ಬೈದೆ. ಒಳಗೆ ಬಂದರೆ ಮೊಮ್ಮಗಳು ಆಶಾ ಬಚ್ಚಲಲ್ಲಿ ಅಳುತ್ತಿದ್ದಳು. ಚಡ್ಡಿಯಲ್ಲಿ ರಕ್ತ. ಏಳೇ ವರ್ಷ… ಎದೆ ಊದಿದ್ದು ಹೋದ ತಿಂಗಳೇ ಕಂಡಿತ್ತು. ಈಗಿನ ಊಟಕ್ಕೆ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತವೆ.

ಸೊಸೆ ಸುಮಾ, "ಅತ್ತೀ, ದಾವಣಗೆರೆಗೆ ಹೋಗಿ ಡಾಕ್ಟರಿಗೆ ತೋರಿಸ್ಕೆಂಡು ಬರಾನ್ರೀ" ಅಂದಳು.

"ಮೈನೆರೆಯೋದು ಕಾಯಿಲೆ ಏನೇ? ಊರಿಗೆಲ್ಲ ಡಂಗುರ ಹೊಡೀತೀಯಾ?" — ಬಾಯಿ ಮುಚ್ಚಿಸಿದೆ.

ಏಪ್ರಿಲ್ ೯

ಕೊಂಡಜ್ಜಿಯಿಂದ ಆಶಾಳ ಸೋದರಮಾವ ನಿಂಗರಾಜ್ ಹಸಿರು ಸೋಗೆ ತಂದ. ನಡುಮನೆಯಲ್ಲೇ ಗುಡ್ಲು ಕಟ್ಟಿ, ಕದ ಹಾಕಿಕೊಂಡು ಆರತಿ ಮಾಡಿದೆವು. ಸೀರೆ ನಿಲ್ಲದು, ಸೊಂಟವೇ ಇಲ್ಲ. ಕರೆದಿದ್ದು ಪಕ್ಕದ ಮನೆ ದುರುಗವ್ವನೊಬ್ಬಳನ್ನೇ. "ಏನವ್ವಾ, ಗೊಂಬೆಗೆ ಸೀರೆ ಉಡ್ಸೀರಾ?" ಅಂದಳು.

"ನಿನ್ ಮೊಮ್ಮಗಳು ಹನ್ನೆರಡಾದ್ರೂ ದೊಡ್ಡೋಳಾಗಿಲ್ಲ ಅಂತ ಹೊಟ್ಟೆಕಿಚ್ಚೇನೇ?"

ಇವತ್ತಿನಿಂದ ಕೊಬ್ಬರಿ, ಬೆಲ್ಲ, ತುಪ್ಪ, ಮೆಂತ್ಯದ ಉಂಡೆ.

ಜೂನ್ ೧೫

ಆಶಾಳ ಹೊಟ್ಟೆ ತುಂಬಿಕೊಂಡಿದೆ. ನನ್ನ ಉಂಡೆ ಮೈಗೆ ಹತ್ತಿದೆ. ಸುಮಾ ಮುಟ್ಟಿ ನೋಡಿ, "ಗಟ್ಟಿ ಐತ್ರೀ ಅತ್ತೀ" ಅಂದಳು.

"ತಿಂದಿದ್ದು ನಿನ್ ಮುದ್ದೆ ತರ ಮೆತ್ತಗಿರ್ತೈತಾ?"

ಜೂನ್ ೧೮, ಮಧ್ಯಾಹ್ನ — ದಾವಣಗೆರೆ, ಆಸ್ಪತ್ರೆ

ಶಾಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದಳು. ಸ್ಕ್ಯಾನಿಂಗ್ ಆಯಿತು. ಬಲಗಡೆ ಅಂಡಾಶಯದಲ್ಲಿ ಗಡ್ಡೆ. ತೆಂಗಿನಕಾಯಿಯಷ್ಟು.

ಡಾಕ್ಟರಮ್ಮ ಹೇಳಿದರು: "ಇದು ಮೈನೆರೆದಿದ್ದಲ್ಲಮ್ಮ. ಈ ಗಡ್ಡೇನೇ ಹಾರ್ಮೋನ್ ಬಿಡ್ತಿತ್ತು. ಎದೆ, ರಕ್ತ, ಎಲ್ಲಾ ಇದರದ್ದೇ. ಆಪರೇಷನ್ ಆಗ್ಬೇಕು."

ಏನೂ ಅನ್ನಿಸಲಿಲ್ಲ. ಲಿಫ್ಟಿನ ಹತ್ತಿರ ನಿಂತು ಟೀ ಕುಡಿದೆ. ಸಕ್ಕರೆ ಜಾಸ್ತಿ.

ಜೂನ್ ೩೦

ಗಡ್ಡೆ ಒಳಗೇ ಒಡೆದಿತ್ತಂತೆ. ಒಂದು ಅಂಡಾಶಯ ತೆಗೆದರು. ಇನ್ನೊಂದು ಇದೆ. ಗಡ್ಡೆ ಕ್ಯಾನ್ಸರ್ ಜಾತಿಯದು, ಕಿಮೋ ಕೊಡಬೇಕು. ಉಳಿಯುತ್ತಾಳಾ ಅಂತ ಡಾಕ್ಟರಮ್ಮನನ್ನು ಕೇಳಿದೆ.

"ಉಳಿಯೋ ಮಕ್ಕಳೇ ಜಾಸ್ತಿ. ಮೊದಲೇ ತಂದಿದ್ರೆ ಇಷ್ಟಾಗ್ತಿರಲಿಲ್ಲ. ರಕ್ತ ಯಾವಾಗ ಕಂಡಿದ್ದು?"

ಸುಮಾ ನನ್ನ ಕಡೆ ನೋಡಲಿಲ್ಲ. "ನಮಗೆ ಗೊತ್ತಾಗ್ಲಿಲ್ರೀ" ಅಂದಳು.

ಬೈದಿದ್ದರೆ ಚೆನ್ನಾಗಿತ್ತು.

"ಏಪ್ರಿಲ್ ಮೂರ್ರೀ. ಅವ್ಳು ಕರ್ಕೊಂಡು ಬರ್ತೀನಿ ಅಂದ್ಲು. ತಡೆದೋಳು ನಾನು."

ಡಾಕ್ಟರಮ್ಮ ಬರೆದುಕೊಂಡರು.

ಜುಲೈ ೮, ಬೆಳಗ್ಗೆ ೧೦ — ಆಸ್ಪತ್ರೆ

ಮಗುವಿನ ಎದೆಯ ಊತ ಇಳಿಯುತ್ತಿದೆ. ಗಡ್ಡೆ ಹೋದ ಮೇಲೆ ಹಾಗೇ ಅಂತೆ.

"ಅಜ್ಜೀ, ನಾನು ಮತ್ತೆ ಸಣ್ಣೋಳಾಗ್ತೀನಾ?"

"ಹೂಂ."

"ಆಮೇಲೆ… ದೊಡ್ಡೋಳಾಗ್ತೀನಾ?"

ಸಿಸ್ಟರ್ ಕಿಮೋಗೆ ಕರೆಯುತ್ತಿದ್ದಾಳೆ. ನನ್ನ ಎಡಗೈ ಬಿಡುತ್ತಿಲ್ಲ ಆಶಾ, ಮುಖವನ್ನೇ ನೋಡುತ್ತಿದ್ದಾಳೆ. ಆಗ್ತೀಯ ಅಂತ ನಾನೇ ಹೇಳಬೇಕು. ಪೆನ್ನು ಇಟ್ಟು ಏಳುತ್ತೇನೆ.