ಓದದೆ ಬಿಟ್ಟ ಎರಡು ಸಾಲು

ಡೈಮಂಡ್ ಬಾರ್, ಅಮೆರಿಕ,
೯ ಮಾರ್ಚ್ ೨೦೨೪, ಶನಿವಾರ

ಪ್ರೀತಿಯ ಅರ್ಜುನಾ,

ಕಾಲು ಹೇಗಿದೆ? ಊತ ಇಳಿಯಿತೇ? ನೆಲಕ್ಕೆ ಊರಲು ಬರುತ್ತದೆಯೇ? ನಾವು ಮೂವರೂ ಆರೋಗ್ಯವಾಗಿದ್ದೇವೆ, ನಿನ್ನಮ್ಮ, ಅಜ್ಜಿ ಇಬ್ಬರೂ ನನ್ನೊಡನೆ ಮಾತಾಡುತ್ತಿಲ್ಲ ಅಷ್ಟೇ. ನಮ್ಮೂರ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ನೀನು ಕಲಿತ ಕನ್ನಡ ಇದನ್ನು ಓದಲು ಸಾಕೆಂದು ನಂಬಿದ್ದೇನೆ.

ಸ್ಯಾನ್ ಡಿಯೇಗೊದಿಂದ ನೀನು ಬರೆದ ಪತ್ರ ಗುರುವಾರ ಬಂತು. ಸೇನೆಯ ತರಬೇತಿ ಶಿಬಿರದಲ್ಲಿ ನಿನ್ನ ಫೋನು ಕಿತ್ತಿಟ್ಟುಕೊಂಡಾಗಿನಿಂದ ಈ ಮನೆಯಲ್ಲಿ ಅಂಚೆಯವನಿಗೆ ಅಳಿಯನ ಮರ್ಯಾದೆ. ಅಜ್ಜಿಗೂ ತಿಳಿಯಲೆಂದು ನಿನ್ನ ಇಂಗ್ಲಿಷನ್ನು ಕನ್ನಡ ಮಾಡುತ್ತ ಎಂದಿನಂತೆ ಗಟ್ಟಿಯಾಗಿ ಓದಿದೆ. ಕೊನೆಯ ಎರಡು ಸಾಲು ಮಾತ್ರ ಬಿಟ್ಟೆ. ‘ಕಾಲಿನ ಎಲುಬು ಬಿರುಕುಬಿಟ್ಟಿದೆ, ಜೊತೆಯವರು ನನ್ನನ್ನು ಬಿಟ್ಟು ತರಬೇತಿಯಲ್ಲಿ ಮುಂದೆ ಹೋದರು. ಬೇಕಾದರೆ ಮನೆಗೆ ಕಳಿಸುತ್ತಾರಂತೆ, ಬರಲೇ ಅಪ್ಪಾ?’ ಎಂದು ಕೇಳಿದ್ದೀಯಲ್ಲ, ಆ ಸಾಲುಗಳು. ಪತ್ರವನ್ನು ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ಸ್ಯಾನ್ ಪೀಡ್ರೊ ಬಂದರಿಗೆ ಡ್ಯೂಟಿಗೆ ಹೋಗಿ ಬಂದೆ. ಯಾವ ಕಂಟೇನರ್ ಎಲ್ಲಿಗೆ ಹೋಗಬೇಕೆಂದು ದಿನವಿಡೀ ಹೇಳುವವನು ನಾನು. ನಿನಗೆ ಹೇಳಲು ಎರಡು ದಿನದಿಂದ ಒಂದು ವಾಕ್ಯ ಸಿಕ್ಕಿಲ್ಲ.

ವಿಭೂತಿಯ ಸಂಗತಿಯನ್ನು ಬಿಡದೆ ಓದಿದೆ, ಅದೇ ತಪ್ಪಾಯಿತು. ಗಟ್ಟಿ ಇಟ್ಟರೆ ಲಕೋಟೆ ಉಬ್ಬುತ್ತದೆಂದು ನಿನ್ನಜ್ಜಿ ಅದನ್ನು ಕುಟ್ಟಿ, ಸೋಸಿ, ಬಿಳಿ ಪುಡಿಯ ಪೊಟ್ಟಣ ಕಟ್ಟಿ ಅಮೆರಿಕದ ಸೇನೆಗೆ ಅಂಚೆಯಲ್ಲಿ ಕಳಿಸಿದ್ದಾಳೆ! ವಿಷದ ಪುಡಿಯೆಂದು ಹೆದರಿ ಕೈಗವಸಿನವರು ಬಂದು ಲಕೋಟೆ ಒಯ್ದರು, ಎಲ್ಲರ ಟಪಾಲೂ ಎರಡು ದಿನ ನಿಂತಿತು ಎಂದು ಓದಿ ಹೇಳಿದರೆ ಪಶ್ಚಾತ್ತಾಪವೇ? “ಹಚ್ಕೊಂಡಾನೋ ಇಲ್ಲೋ, ಅದನ್ನ ಓದು ಮೊದ್ಲ” ಎಂದಳು.

ಇನ್ನು ಪತ್ರ ಬರೆಯುವವನು ನಾನೊಬ್ಬನೇ, ಒಳಗೆ ಕಾಗದ ಬಿಟ್ಟು ಏನೂ ಇರಕೂಡದು ಎಂದೆ. “ಅಂವ ಸೈನ್ಯಕ್ಕ ಹೋಗ್ತೀನಿ ಅಂದಾಗ ಮೂರು ತಿಂಗಳ ಮಾತಾಡ್ಲಿಲ್ಲ, ಈಗ ಅವನ ಪತ್ರಕ್ಕ ನೀವ ಮಾಲಕರೇನ್ರಿ?” ಎಂದಳು ನಿನ್ನಮ್ಮ. ಅಂದಿನಿಂದ ಮನೆಯೊಳಗೆ ಅಂತರ್ಯುದ್ಧ. ಒಲೆಗೆ ಅತ್ತೆ-ಸೊಸೆಯರ ರಕ್ಷೆ, ನನಗೆ ಮೊನ್ನೆಯ ರೊಟ್ಟಿಯ ಭಿಕ್ಷೆ. (ಪ್ರಾಸ ತಾನಾಗಿ ಬಂತು, ಹಸಿದವನನ್ನು ಕ್ಷಮಿಸು.) ಮಾತು ಬಿಟ್ಟರೂ ನಿನ್ನಮ್ಮ ಏಪ್ರಿಲ್‌ನಲ್ಲಿ ತರಬೇತಿ ಮುಗಿಸುವ ನಿಮ್ಮ ಪರೇಡಿಗೆ ಹೊರಡುವ ಪಟ್ಟಿಯನ್ನು ಫ್ರಿಜ್‌ಗೆ ಅಂಟಿಸಿದ್ದಾಳೆ: ಹದಿನಾಲ್ಕು ಜನ, ಎರಡು ವ್ಯಾನು, ಎಂಬತ್ತು ಹೋಳಿಗೆ. ಆ ಪರೇಡಿನಲ್ಲಿ ನೀನೇ ಇರುವುದಿಲ್ಲವೆಂದು ತಿಳಿದವನು ನಾನೊಬ್ಬ. ನೀರು ಕುಡಿಯಲು ಫ್ರಿಜ್ ತೆಗೆಯುವುದನ್ನೂ ಬಿಟ್ಟಿದ್ದೇನೆ.

ಮಾತ್ರೆ ತಪ್ಪಿಸಬೇಡ. ಡಾಕ್ಟರ್ ಬೇಡವೆಂದರೆ ಶೂರತನ ತೋರಿಸಲು ಓಡಬೇಡ. ಅಜ್ಜಿಯ ಹರಕೆ, ಅಮ್ಮನ ಅಕ್ಕರೆ, ನನ್ನ ಸಿಡುಕು ಮೂರೂ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಸಿದ್ಧಲಿಂಗೇಶ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನಮ್ಮ ಹಿಂದಿನಿಂದ ಬಂದು ಎಲ್ಲವನ್ನೂ ಓದಿಬಿಟ್ಟಳು. ಅಳಲಿಲ್ಲ. “ಬರೋದಿದ್ರ ಬರ್ಲಿ, ಇರೋದಿದ್ರ ಇರ್ಲಿ. ನಮ್ಮ ಸಲುವಾಗಿ ಏನೂ ಮಾಡೂದ ಬ್ಯಾಡ ಅಂತ ಬರೀರಿ” ಎಂದಳು. ನಾನು ಎರಡು ದಿನದಿಂದ ಹುಡುಕುತ್ತಿದ್ದ ವಾಕ್ಯ ಅದೇ, ಬರೆದಿದ್ದೇನೆ. ಎಲುಬು ಕೂಡುವವರೆಗೆ ತೀರ್ಮಾನ ಬೇಡ. ಬರುವುದಾದರೆ ಶಿಬಿರದ ಗೇಟಿನ ಹೊರಗೆ ಕಾರು ತಂದು ನಾನೇ ನಿಂತಿರುತ್ತೇನೆ. ‘ಮೊದಲೇ ಹೇಳಿರಲಿಲ್ಲವೇ’ ಎಂದು ಒಂದು ಸಲ ಅನ್ನುತ್ತೇನೆ. ಒಂದೇ ಸಲ. ಅಷ್ಟನ್ನು ಸಹಿಸಿಕೋ.