ನೀರು ಕರೆಯುತ್ತದೆ ಎಂದವಳು

ಸೋಫೀಪ್ ಅಕ್ಕಾ,

ನೀನು ನೀರುಪಾಲಾಗಿ ಹನ್ನೊಂದು ವರ್ಷವಾಯಿತು. ಇವತ್ತು ನಾನು ಕೆಲಸ ಮಾಡುವ ತೇಲುವ ಆಸ್ಪತ್ರೆಗೆ ಮೀನುಗಾರ ವುತ್ ತನ್ನ ಹೆಂಡತಿಯನ್ನು ಕರೆತಂದ.

"ದೆವ್ವ ಮೆಟ್ಟಿದೆ ಡಾಕ್ಟ್ರೇ, ಮಗೂನೂ ಎತ್ಕೊಳ್ಳಲ್ಲ."

ಅವಳು ನೆಲದ ಹಲಗೆಗಳ ಸಂದಿಯಿಂದ ತೊನ್ಲೇ ಸಾಪ್ ಸರೋವರವನ್ನೇ ನೋಡುತ್ತಿದ್ದಳು. "ಅನ್ನ ಮಣ್ಣಿನ ಹಾಗಿದೆ. ನೀರು ನನ್ನ ಹೆಸರು ಹಿಡಿದು ಕರೀತದೆ."

ಡಾಕ್ಟರ ಪಕ್ಕದಲ್ಲಿ ರೋಗಿಯ ವಿವರ ಬರೆದುಕೊಳ್ಳುತ್ತಿದ್ದ ನನ್ನ ಪೆನ್ನು ನಿಂತಿತು. ನಿನ್ನವೇ ಮಾತುಗಳು, ನಿನ್ನದೇ ದನಿ.

ಡಾಕ್ಟರು ನಿದ್ದೆ, ಹಸಿವು, ಸಾಯುವ ಯೋಚನೆ ಎಲ್ಲವನ್ನೂ ವಿಚಾರಿಸಿದರು. "ದೆವ್ವ ಅಲ್ಲಪ್ಪ, ಇದು ಖಿನ್ನತೆ. ಜೋರಾಗಿದೆ, ಆದ್ರೆ ವಾಸಿಯಾಗ್ತದೆ. ಒಬ್ಬಳನ್ನೇ ಬಿಡೋ ಹಾಗಿಲ್ಲ," ಎಂದು ಅವಳನ್ನು ಅಲ್ಲೇ ಉಳಿಸಿಕೊಂಡರು.

ಅವಳು ನನ್ನತ್ತ ತಿರುಗಿ, "ನಿಮಗೂ ಕೇಳಿಸ್ತದಾ?" ಎಂದಳು. ಅವಳ ಕೈ ಹಿಡಿದು ಸಂಜೆಯವರೆಗೂ ಕುಳಿತೆ.

ನೀರು ಕರೀತದೆ ಎಂದು ನೀನು ಹೇಳಿದ ದಿನ ನಿನ್ನ ಕೈಗೆ ಮಂತ್ರಿಸಿದ ದಾರ ಕಟ್ಟಿ, ನಾನು ಮೀನು ಮಾರಲು ಹೋಗಿದ್ದೆ.