ಜೋಳದವರ ಸಭೆಗೆ ಮಾವ ಬಂದದ್ದು

ಪೂಜ್ಯ ಮಾವನವರಿಗೆ,

ರಿಚರ್ಡ್‌ಸನ್‌ನಿಂದ ನಿಮ್ಮ ಸೊಸೆ ಮಧುರಾಳ ನಮಸ್ಕಾರ. ನೀವು ಧಾರವಾಡಕ್ಕೆ ಮರಳಿ ಎರಡು ತಿಂಗಳಾಯಿತು. ಫೋನಿನಲ್ಲಿ ಊಟ ಆಯಿತೇ, ಬಿಸಿಲು ಹೆಚ್ಚಾಯಿತೇ ಎನ್ನುವುದರಲ್ಲೇ ಮಾತು ಮುಗಿದುಹೋಗುತ್ತದೆ. ಅದಕ್ಕೇ ಕಾಗದ ಬರೆಯಲು ಕೂತೆ.

ಜನವರಿಯಲ್ಲಿ ನೀವು ಬಂದಾಗ ಒಂದು ವಿಷಯ ಮುಚ್ಚಿಟ್ಟಿದ್ದೆ. ಪೈರಿನ ರಸ ಹೀರುವ ಹೇನಿಗೆ ಬಗ್ಗದ ಜೋಳದ ತಳಿಗಾಗಿ ಒಂಬತ್ತು ವರ್ಷದಿಂದ ದುಡಿಯುತ್ತಿದ್ದೇನಲ್ಲ, ಅದಕ್ಕೆ ಬರುತ್ತಿದ್ದ ಸರ್ಕಾರದ ಅನುದಾನ ಮುಗಿದಿತ್ತು. ಜೂನ್ ಕೊನೆಗೆ ನನ್ನ ಕೆಲಸವೂ ಮುಗಿಯುವುದಿತ್ತು. ನಿಮ್ಮ ಮಗ ಆಶ್ರಿತ್ ನಿಮ್ಮೆದುರು ಬಾಯಿತಪ್ಪಿ ಹೇಳಿದ ದಿನ ನೀವು ಊಟ ನಿಲ್ಲಿಸಿ ನನ್ನನ್ನೇ ನೋಡಿದಿರಿ. "ಅಲ್ಲವಾ, ಇಷ್ಟು ಶ್ರೀಮಂತ ದೇಶ. ಬೀಜಕ್ಕ ರೊಕ್ಕ ಇಲ್ಲಂದ್ರ ಹ್ಯಾಂಗ?"

ನಾನು ವಿವರಿಸಿದೆ. ಮುಂದಿನ ವರ್ಷವೇ ಮಾರಾಟವಾಗುವ ಬೀಜಕ್ಕೆ ಕಂಪನಿಗಳು ಧಾರಾಳವಾಗಿ ಸುರಿಯುತ್ತವೆ. ಹತ್ತು ಹದಿನೈದು ವರ್ಷ ಹಿಡಿಯುವ ಕೆಲಸಕ್ಕೆ ಸರ್ಕಾರವೇ ಬೇಕು, ಅದರ ಕೈ ಈಗ ಬಿಗಿಯಾಗುತ್ತಿದೆ. ಉಳಿದದ್ದು ಬೆಳೆ ಮಾರುವಾಗ ರೈತರೇ ಒಂದಿಷ್ಟು ಮುರಿದುಕೊಂಡು ಕೂಡಿಸುವ ಹಣ. ಅದರಲ್ಲಿ ನನ್ನ ತಳಿಗೆ ಪಾಲು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಶನಿವಾರ ಆ ರೈತರ ಸಭೆ ಇತ್ತು. "ನಾನೂ ಬರ್ತೀನಿ," ಎಂದಿರಿ.

ನಿಜ ಹೇಳುತ್ತೇನೆ ಮಾವ, ನೀವು ಬರುವುದು ನನಗೆ ಬೇಡವಾಗಿತ್ತು. ಮದುವೆಯಾದ ಹೊಸತರಲ್ಲಿ "ಹೊಲದಾಗ ಅಡ್ಡಾಡಲಿಕ್ಕೆ ಪಿಎಚ್‌ಡಿ ಯಾಕ ಬೇಕು?" ಎಂದು ನಗೆಯಾಡಿದ್ದಿರಿ. ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ. ಮರೆತಿರಲಿಲ್ಲ.

ಸಭೆಗೆಂದು ಆಸ್ಟಿನ್ ಕಡೆಗೆ ಡ್ರೈವ್ ಮಾಡುವಾಗ ನಡುವೆ ಕಾರು ನಿಲ್ಲಿಸಲು ಹೇಳಿದಿರಿ. ಉತ್ತ ಹೊಲಕ್ಕಿಳಿದು ಒಂದು ಹಿಡಿ ಕಪ್ಪು ಮಣ್ಣು ಎತ್ತಿ, "ನಮ್ಮ ಎರಿ ಹೊಲನ ಅದ," ಎಂದು ಅದನ್ನು ಕೋಟಿನ ಜೇಬಿಗೇ ಹಾಕಿಕೊಂಡಿರಿ. ಆಶ್ರಿತನ ಕೋಟು ಅದು, ಇನ್ನೂ ಕರೆ ಹೋಗಿಲ್ಲ.

ಸಭೆಯಲ್ಲಿ ಮೂವತ್ತು ರೈತರಿದ್ದರು. ನಾನು ಪರದೆಯ ಮೇಲೆ ಚಿತ್ರ ತೋರಿಸಿ ಮಾತಾಡಿದೆ. ಇಬ್ಬರು ಆಕಳಿಸಿದರು. ಎತ್ತರದ ರೈತನೊಬ್ಬ ಎದ್ದು, ಒಂಬತ್ತು ವರ್ಷ ಕಾದದ್ದು ಸಾಕು, ಇನ್ನು ಕಂಪನಿಗಳೇ ನೋಡಿಕೊಳ್ಳಲಿ ಎಂದ. ಹಲವರು ತಲೆಯಾಡಿಸಿದರು. ನಾನು ಕಾಗದ ಮಡಚಿಟ್ಟೆ. ಆಗ ನೀವು ಎದ್ದು ನಿಂತು, "ನಾ ಹೇಳಿದ್ದು ಹೇಳಿದಂಗ ಅವರಿಗೆ ಹೇಳು," ಎಂದಿರಿ.

"ನಾನು ಕೃಷಿ ಇಲಾಖೆಯೊಳಗ ಸಣ್ಣ ನೌಕರ ಇದ್ದೆ. ಸೈಕಲ್ ಮ್ಯಾಲೆ ಊರೂರು ತಿರುಗಿ ಜೋಳದ ಬೀಜ ಕೂಡಿಸಿ ಕಳಿಸ್ತಿದ್ದೆ. ಎಲ್ಲಿಗೆ ಹೋತು, ಯಾರಿಗೆ ಮುಟ್ಟಿತು, ಗೊತ್ತಿಲ್ಲ. ಹೇನು ತಡಿಯೋ ಗುಣ ನಮ್ಮ ಕಡೆ ಜೋಳದಿಂದ ಬಂತು ಅಂತ ನನ್ನ ಸೊಸಿ ಹೇಳ್ತಾಳ. ನಾ ಕಳಿಸಿದ್ದೋ, ಮತ್ತೊಬ್ಬರು ಕಳಿಸಿದ್ದೋ. ಬೀಜ ಕೊಟ್ಟ ರೈತರು ಮಾತ್ರ, ಇದರಿಂದ ನಮಗೇನು ಸಿಗತದ, ಯಾವಾಗ ಸಿಗತದ ಅಂತ ಒಬ್ಬರೂ ಕೇಳಲಿಲ್ಲ."

ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಂದೆ. ಆಕಳಿಸುತ್ತಿದ್ದವರೂ ನೆಟ್ಟಗೆ ಕೂತಿದ್ದರು. ಆಮೇಲೆ ನೀವು ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಈಕಿ ಕೆಲಸದ ಬಗ್ಗೆ ನಾ ಹಗುರಾಗಿ ಮಾತಾಡಿದ್ದೆ. ತಪ್ಪಾತು," ಎಂದಿರಿ.

ಅದೊಂದನ್ನು ಮಾತ್ರ ನಾನು ಇಂಗ್ಲಿಷಿಗೆ ತರಲಿಲ್ಲ. ಕೊನೆಗೆ ಏನೆಂದರು ಎಂದು ಅಧ್ಯಕ್ಷರು ಕೇಳಿದರು. "ಅವರಿಗೆ ಗಂಟಲು ಒಣಗಿದೆಯಂತೆ," ಎಂದುಬಿಟ್ಟೆ. ಮೂವರು ಎದ್ದು ಓಡಿ ಮೂರು ಲೋಟ ಕಾಫಿ ತಂದರು. ಮರಳುವ ದಾರಿಯಲ್ಲಿ ನೀವು, "ಈ ಮಂದಿ ನನಗೊಬ್ಬನಿಗೇ ಮೂರು ಕಾಫಿ ಯಾಕ ಕೊಟ್ರವಾ?" ಎಂದು ಕೇಳಿದಾಗ, ಇಲ್ಲಿಯ ಪದ್ಧತಿ ಎಂದು ಸುಳ್ಳು ಹೇಳಿದೆ. ಕ್ಷಮಿಸಿ.

ನಾಲ್ವರ ಹೊರತು ಎಲ್ಲರೂ ನನ್ನ ತಳಿಯ ಪರ ಕೈ ಎತ್ತಿದ್ದನ್ನು ನೀವೇ ಕಂಡಿರಿ. ಮೂರು ವರ್ಷದ ಹಣ ಮೊನ್ನೆ ಮಂಜೂರಾಯಿತು. ಆ ಎತ್ತರದ ರೈತ ತನ್ನದೇ ಎರಡು ಎಕರೆಯನ್ನು ಪ್ರಯೋಗಕ್ಕೆ ಬಿಟ್ಟಿದ್ದಾನೆ. ಪೈರು ಗೇಣುದ್ದ ಎದ್ದಿದೆ. ಜುಲೈನಲ್ಲಿ ಕೊಯ್ಲು, ಅಷ್ಟರೊಳಗೆ ನಿಮ್ಮ ಟಿಕೆಟ್ ಮಾಡಿಸುತ್ತೇನೆ.

ಈ ಸಲ ನೀವು ಏನು ಹೇಳಿದರೂ ಅವರಿಗೆ ಪೂರಾ ಹೇಳುತ್ತೇನೆ. ಅಂದು ನುಂಗಿದ ಮಾತನ್ನು ಮಾತ್ರ ಯಾರಿಗೂ ಕೊಡುವುದಿಲ್ಲ, ಅದು ನನ್ನದು.

ನಿಮ್ಮ ಮೊಣಕಾಲು ನೋವು ಕಡಿಮೆಯಾಗಲಿ, ನಿಮ್ಮ ಆಶೀರ್ವಾದ ನಮ್ಮ ಪೈರಿನ ಮೇಲಿರಲಿ.

ನಿಮ್ಮ ಸೊಸೆ,
ಮಧುರಾ